ಟೈಲರಮ್ಮ ಸೋತ ಜಾಹೀರಾತು

ಟೈಲರಮ್ಮ ಸೋತಳೆಂಬುದು ಬೀದಿಗೆಲ್ಲ ಗೊತ್ತಾಗಿ ಎಷ್ಟೋ ದಿನವಾದ ಮೇಲೆ ಟೈಲರಮ್ಮನಿಗೆ ಗೊತ್ತಾಯಿತು.

ಮೊದಲು ಔಷಧಿ ಅಂಗಡಿಯವನು ಚಿಲ್ಲರೆ ಕೊಡುತ್ತ, "ಕಣ್ಣು ಒಂದ್ಸಲ ತೋರಿಸ್ಕೊಳ್ಳಿ ಟೈಲರಮ್ಮ, ಆಸ್ಪತ್ರೆ ಎದುರಿಗೇ ಇದೆಯಲ್ಲ" ಎಂದ. ಇವನಿಗೆ ಕಂಡವರಿಗೆಲ್ಲ ಕಾಯಿಲೆ ಹಚ್ಚುವ ಚಾಳಿ ಎಂದುಕೊಂಡು ಅವಳು ಸುಮ್ಮನಾದಳು. ಆಮೇಲೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು, "ಕಪ್ಪು ದಾರದಲ್ಲೇ ಹೊಲೀತೀರಲ್ವಾ ಆಂಟಿ? ಕೆಂಪು ಹಾಕಿಬಿಡಬೇಡಿ" ಎಂದಳು. ಈಗಿನ ಹುಡುಗಿಯರಿಗೆ ನಗಲು ಕಾರಣ ಬೇಕಿಲ್ಲವೆಂದು ಟೈಲರಮ್ಮ ಅದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಸ್ಪತ್ರೆಯ ಎದುರಿನ ಆ ಒಂದೇ ಬಾಗಿಲಿನ ಅಂಗಡಿಯಲ್ಲಿ ಮದುವೆಯಾದ ಹೊಸದರಿಂದ ಕೂತು ಹೊಲಿದವಳು ಅವಳು. ನರ್ಸುಗಳ ಯೂನಿಫಾರ್ಮಿನಲ್ಲಿ ಕಾಲರಿನ ನೀಲಿಗೂ ಜೇಬಿನ ನೀಲಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಬಿಚ್ಚಿ ಮತ್ತೆ ಹೊಲಿಯುವವಳು. ಬಣ್ಣದ ವಿಚಾರದಲ್ಲಿ ತನ್ನನ್ನು ಯಾರಾದರೂ ಆಡಿಕೊಂಡಾರು ಎಂಬುದು ಅವಳ ಕನಸಿನಲ್ಲೂ ಇರಲಿಲ್ಲ.

ಕೊನೆಗೆ ಅದನ್ನು ತೋರಿಸಿದವರು ಗಂಡ. ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಪ್ರಪಂಚ ಸೋಫಾದ ಮೂಲೆಗೆ ಇಳಿದಿತ್ತು. ಬೆಳಗಾದರೆ ಮೊಬೈಲಿನಲ್ಲಿ ಹಣ್ಣು ಒಡೆಯುವ ಆಟ. ಆಟದಲ್ಲಿ ಪ್ರಾಣ ಮುಗಿದರೆ ಒಂದು ಜಾಹೀರಾತು ನೋಡಬೇಕು, ನೋಡಿದರೆ ಹೊಸ ಪ್ರಾಣ ಬರುತ್ತದೆ. ಬೇರೆಯವರು ಬೈದುಕೊಂಡು ನೋಡುವ ಜಾಹೀರಾತುಗಳನ್ನು ಅವರು ಪೇಪರ್ ಓದುವ ಗಾಂಭೀರ್ಯದಿಂದ ನೋಡುತ್ತಿದ್ದರು.

"ನೋಡೇ, ನೀನು ಇದರೊಳಗೆ ಬಂದಿದೀಯ" ಎಂದರು ಒಂದು ಸಂಜೆ.

"ನಾನ್ಯಾಕೆ ಬರಲಿ? ಕೋಸು ಹೆಚ್ಚಬೇಕು, ಸುಮ್ನಿರಿ."

"ಬಂದಿದೀಯ ಅಂದ್ನಲ್ಲ. ಚೆನ್ನಾಗಿ ಬಂದಿದೀಯ, ಆದ್ರೆ ಕಿವಿ ಸ್ವಲ್ಪ ಉದ್ದ ಆಗಿದೆ."

ಕೈ ಒರೆಸಿಕೊಂಡು ಮೊಬೈಲು ತೆಗೆದುಕೊಂಡಳು. ಅದರೊಳಗೆ ಅವಳದೇ ಅಡುಗೆಮನೆಯ ಮೇಜು, ಅವಳೇ ಹೊಲಿದ ಪರದೆ, ಮೂಗಿನ ತುದಿಗೆ ಜಾರಿದ ಕನ್ನಡಕದ ಅವಳದೇ ಮುಖ. ಎದುರಿಗೆ ಸಿಕ್ಕುಬಿದ್ದ ಬಣ್ಣಬಣ್ಣದ ದಾರಗಳ ಆಟ. ಆಯಾ ಬಣ್ಣದ ದಾರವನ್ನು ಎಳೆದು ಆಯಾ ಬಣ್ಣದ ಉರುಳೆಗೆ ಸುತ್ತಬೇಕು, ಅಷ್ಟೇ. ಮೊಬೈಲಿನ ಟೈಲರಮ್ಮ ಕೆಂಪು ದಾರವನ್ನು ಹಸಿರು ಉರುಳೆಗೆ ಸುತ್ತಿದಳು, ಹಸಿರನ್ನು ಹಳದಿಗೆ. ಪ್ರತಿಸಲವೂ ಕತ್ತೆ ಅರಚಿದ ಸದ್ದು. ಮುಖ ದೊಡ್ಡದಾಗಿ, ಬಾಯಿ ತೆರೆದು, ತಲೆಯ ಮೇಲೆ ಕತ್ತೆಕಿವಿ ಮೂಡಿದವು. "ಜೀವನವಿಡೀ ಹೊಲಿದ ಟೈಲರಮ್ಮನಿಗೇ ಆಗಲಿಲ್ಲ. ನಿಮ್ಮಿಂದ ಆಗುತ್ತಾ?" ಎಂದು ಯಾರೋ ಕೇಳಿದರು.

ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು. ಯಾರ ಕೆಲಸವೆಂದು ಕೇಳುವ ಅಗತ್ಯವೇ ಇರಲಿಲ್ಲ. ಮಗ ಇರುವುದು ಮೊಬೈಲ್ ಆಟ ಮಾಡುವ ಕಂಪನಿಯಲ್ಲಿ. ಆ ಆಟಗಳಿಗೆ ಜಾಹೀರಾತು ಕಟ್ಟುವುದೇ ಅವನ ಉದ್ಯೋಗ. ಒಂದು ರಜೆಯ ದಿನ, "ಹೊಸ ಆಟ ಅಮ್ಮ, ಸುಮ್ನೆ ಆಡಿ ನೋಡು, ಹೇಗಿದೆ ಹೇಳು" ಎಂದು ಅವಳ ಮುಂದೆ ಇಟ್ಟಿದ್ದ. ಅವಳು ಕೆಂಪನ್ನು ಮುಟ್ಟಿ ಕೆಂಪಿಗೇ ಎಳೆದಿದ್ದಳು, ಅದು ಹಸಿರಿಗೆ ಹೋಗಿತ್ತು. "ಕೆಟ್ಟಿದೆ ಕಣೋ ಇದು" ಎಂದಿದ್ದಳು. "ಇನ್ನೊಂದ್ಸಲ ನೋಡು" ಎಂದು ಅವನು ಎದುರಿಗೆ ನಿಂತು ತನ್ನ ಫೋನು ಹಿಡಿದುಕೊಂಡಿದ್ದ.

ಅಂದು ಊಟಕ್ಕೆ ಎಲ್ಲರೂ ಕೂತ ಮೇಲೆ ಅವಳು ಶುರು ಮಾಡಿದಳು.

"ಅದೇನು ಆಟನೋ, ನನ್ನ ತಲೆ ಮೇಲೆ ಕತ್ತೆಕಿವಿ ಬರೋದು?"

ಮಗ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನೋಡಿದ್ಯಾ? ಕೋಪ ಮಾಡ್ಕೋಬೇಡ. ಅದು ವ್ಯಾಪಾರ ಅಮ್ಮ. ಗೆಲ್ಲೋರನ್ನ ತೋರಿಸಿದ್ರೆ ಜನ ಒತ್ತೋದೇ ಇಲ್ಲ. ಸೋಲೋರನ್ನ ನೋಡಿದ್ರೆ, ಅಯ್ಯೋ ಇಷ್ಟೂ ಬರಲ್ವಾ, ನಾನು ಮಾಡ್ತೀನಿ ಅಂತ ಕೈ ತುರಿಸತ್ತೆ. ಒತ್ತುತ್ತಾರೆ, ಆಟ ಇಳಿಸ್ಕೋತಾರೆ."

"ನಾನು ಎಲ್ಲಿ ಸೋತೆ? ಸರಿಯಾಗೇ ಮುಟ್ಟಿದ್ದೆ."

"ಅದು ಆಟವೇ ಅಲ್ಲ. ಎಲ್ಲಿ ಮುಟ್ಟಿದ್ರೂ ತಪ್ಪೇ ಆಗೋ ಹಾಗೆ ಮಾಡಿದ್ದು. ಇಲ್ಲಾಂದ್ರೆ ನೀನು ಸೋಲ್ತಿದ್ಯಾ?"

ಹೊಗಳಿಕೆಯ ಹಾಗೆ ಹೇಳಿದ ಪಾಪಿ. ಸೊಸೆ ನೀರು ಬಡಿಸುತ್ತ ಒಂದು ಗಳಿಗೆ ನಿಂತಳು. ಹತ್ತು ತುಂಬದ ಮೊಮ್ಮಗಳು, ಮನೆಯವರ ಬಾಯಲ್ಲಿ ಚಿಟ್ಟೆ, ಕತ್ತೆಯ ಸದ್ದು ಮಾಡಲು ಹೋಗಿ ತಾಯಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

"ತೆಗೆಸು ಅದನ್ನ."

"ಆಗಲ್ಲಮ್ಮ. ನಮ್ಮಲ್ಲಿ ಯಾರೂ ಕೂತು ಆರಿಸಲ್ಲ. ಪ್ರತಿ ವಾರ ನಾವೆಲ್ಲ ಒಂದಷ್ಟು ವಿಡಿಯೋ ಮಾಡಿ ಹಾಕ್ತೀವಿ. ಅದು ಮೊದಲು ಸ್ವಲ್ಪ ಜನಕ್ಕೆ ಹೋಗತ್ತೆ. ಯಾವುದನ್ನ ಜನ ಜಾಸ್ತಿ ಒತ್ತಿದ್ರೋ ಅದನ್ನ ಮಷೀನೇ ಲಕ್ಷಗಟ್ಟಲೆ ಜನಕ್ಕೆ ಕಳಿಸತ್ತೆ. ಉಳಿದಿದ್ದು ಅಲ್ಲೇ ಸಾಯತ್ತೆ. ಈ ವರ್ಷ ನಮ್ಮ ಕಂಪನೀಲಿ ನಿನ್ನಷ್ಟು ಓಡಿರೋದು ಇನ್ನೊಂದಿಲ್ಲ. ನನಗೆ ಬಡ್ತಿ ಸಿಕ್ಕಿದ್ದು ಯಾವುದರಿಂದ ಅಂದ್ಕೊಂಡಿದೀಯ?"

"ನನ್ನ ಮುಖದಿಂದ."

"ಅದೇ ಮತ್ತೆ."

"ಹಾಗಾದ್ರೆ ಒಂದು ಮಾಡು. ನನ್ನ ಅಂಗಡಿಗೆ ಬಾ. ನಾಲ್ಕು ಜನ ಗಿರಾಕಿಗಳ ಮುಂದೆ ಹೇಳು, ಅದು ಸುಳ್ಳಾಟ, ನಮ್ಮಮ್ಮ ಸೋತಿಲ್ಲ ಅಂತ. ಅಷ್ಟು ಹೇಳು ಸಾಕು."

"ಜಾಹೀರಾತು ಸುಳ್ಳು ಅಂತ ಅದನ್ನ ಮಾಡಿದೋನೇ ಬೀದೀಲಿ ನಿಂತು ಹೇಳಿದ್ರೆ ನನ್ನ ಕೆಲಸ ಉಳಿಯತ್ತಾ? ನೀನೂ ಸರಿ. ಜನ ನಕ್ಕರೆ ನಿನ್ನ ಗಂಟೇನು ಹೋಗತ್ತೆ? ಎರಡು ದಿನ ನಕ್ಕು ಮರೀತಾರೆ."

ಗಂಡ ಇಬ್ಬರ ಮುಖವನ್ನೂ ನೋಡಿ, "ಬೇಳೆ ಚೆನ್ನಾಗಿ ಬೆಂದಿದೆ" ಎಂದರು. ಅವರಿಗೆ ಜಗಳ ಕಂಡರೆ ಅಡುಗೆ ಹೊಗಳುವ ಅಭ್ಯಾಸ.

ಜನ ಮರೆಯಲಿಲ್ಲ. ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಪ್ರತಿ ವರ್ಷ ಹೊಸ ಹುಡುಗಿಯರು ಬರುವ ಮೊದಲು ದೊಡ್ಡ ಸಿಸ್ಟರ್ ಅಂಗಡಿಗೆ ಬಂದು, ಬಟ್ಟೆಯ ಮಾದರಿ ಮೇಜಿನ ಮೇಲಿಟ್ಟು, "ಶುರು ಮಾಡಿ" ಎಂದು ಹೇಳಿ ಹೋಗುತ್ತಿದ್ದರು. ಆ ಯೂನಿಫಾರ್ಮಿನ ಕೆಲಸವೇ ಅಂಗಡಿಯ ಬೆನ್ನೆಲುಬು. ಮಿಕ್ಕಿದ್ದೆಲ್ಲ ಜಿಪ್ಪು, ಗುಂಡಿ, ಪ್ಯಾಂಟಿನ ಅಂಚು. ಈ ಸಲ ದೊಡ್ಡ ಸಿಸ್ಟರ್ ಬಂದರು, ಮಾದರಿ ಇಟ್ಟರು, "ಶುರು ಮಾಡಿ" ಎನ್ನಲಿಲ್ಲ. ಕಿಟಕಿಯ ಬಳಿ ಎರಡು ನೀಲಿ ತುಂಡು ಹಿಡಿದು, "ಇವೆರಡರಲ್ಲಿ ಯಾವುದು ಗಾಢ ಅನ್ಸತ್ತೆ ನಿಮಗೆ?" ಎಂದು ಕೇಳಿದರು.

"ಸಿಸ್ಟರ್, ನನ್ನ ಪರೀಕ್ಷೆ ಮಾಡ್ತಿದೀರಾ?"

"ಬೇಜಾರು ಮಾಡ್ಕೋಬೇಡಿ. ನಮ್ಮ ಹುಡುಗೀರು ಡ್ಯೂಟೀಲೂ ಅದನ್ನೇ ನೋಡ್ತಾ ಕೂತಿರ್ತಾರೆ. ಮೇಲಿನೋರಿಗೂ ಗೊತ್ತಾಗಿದೆ. ಬಣ್ಣ ಕಾಣದೋರಿಗೆ ಯೂನಿಫಾರ್ಮ್ ಕೊಟ್ರಾ ಅಂತ ನನ್ನ ಕೇಳ್ತಾರೆ. ವಯಸ್ಸಾದ ಮೇಲೆ ಎಲ್ಲರಿಗೂ ಇದ್ದದ್ದೇ. ಸ್ವಲ್ಪ ಯೋಚನೆ ಮಾಡಿ ಬರ್ತೀನಿ."

ಟೈಲರಮ್ಮ ಎಡಗೈಯಲ್ಲಿದ್ದದ್ದು ಗಾಢವೆಂದು ಹೇಳಿದಳು, ಅದು ಸರಿಯಾಗಿಯೂ ಇತ್ತು. ಆದರೆ ಸರಿಯಾಗಿ ಹೇಳಿದ್ದಕ್ಕೆ ಸಿಸ್ಟರ್ ಚಿಕ್ಕ ಮಕ್ಕಳಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿದ್ದನ್ನು ಕಂಡು ಅವಳಿಗೆ ಕತ್ತರಿ ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ಆ ಸಿಟ್ಟನ್ನು ಸಿಸ್ಟರ ಮೇಲೆ ತೋರಿಸುವಂತಿರಲಿಲ್ಲ. ಹಾಗೆಯೇ ಗಂಟು ಕಟ್ಟಿ ಮನೆಗೆ ತಂದಳು.

ಮರುದಿನದಿಂದ ಮಗನ ಶರ್ಟಿಗೆ ಇಸ್ತ್ರಿ ನಿಂತಿತು. ಮೇಜಿನ ಮೇಲೆ ಎಲ್ಲರ ತಟ್ಟೆ ಇರುತ್ತಿತ್ತು, ಅವನದು ಇರುತ್ತಿರಲಿಲ್ಲ. ತಾನೇ ಹೋಗಿ ತಟ್ಟೆ ತಂದರೆ ಪಾತ್ರೆಯಲ್ಲಿ ತಳ ಮಾತ್ರ. ಅವನು ಬ್ರೆಡ್ಡಿಗೆ ಮೊಟ್ಟೆ ಕರಿದುಕೊಂಡು ತಿಂದು ನಗುನಗುತ್ತಲೇ ಕೆಲಸಕ್ಕೆ ಹೋದ. ತಾಯಿ ಮುನಿಸಿಕೊಂಡಿದ್ದಾಳೆ, ಸರಿಹೋಗುತ್ತಾಳೆ ಎಂಬ ಆ ನಗು ನೋಡಿ ಅವಳ ಹೊಟ್ಟೆ ಇನ್ನಷ್ಟು ಉರಿಯಿತು. ಊಟ ತಪ್ಪಿಸಿದರೆ ತೀರುವ ಲೆಕ್ಕ ಇದಲ್ಲ. ಅವನ ಮುಖವನ್ನೂ ಹೀಗೇ ಬೀದಿಗೆಳೆಯಬೇಕು, ಗೊತ್ತಿದ್ದವರು ಗೊತ್ತಿಲ್ಲದವರು ಎಲ್ಲ ನೋಡಿ ನಗಬೇಕು, ಆಗ ಗೊತ್ತಾಗುತ್ತದೆ ಗಂಟು ಏನು ಹೋಗುತ್ತದೆ ಎಂದು.

ಅದನ್ನು ಬಾಯಿಬಿಟ್ಟು ಹೇಳಿದ್ದು ಸೊಸೆಯ ಎದುರಿಗೆ. ಸೊಸೆ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು, ಮಾತು ಕಡಿಮೆ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

"ಅತ್ತೆ, ನಾನೂ ಒಂದರಲ್ಲಿ ಇದೀನಿ."

"ಯಾವುದರಲ್ಲಿ?"

"ಗಂಡ ಮನೆಯಿಂದ ಹೊರಗೆ ಹಾಕಿದ ಹೆಂಗಸು ಚಳೀಲಿ ಮಗು ಎತ್ಕೊಂಡು ಅಳ್ತಾ ಇರ್ತಾಳೆ, ಇವಳಿಗೆ ಮನೆ ಕಟ್ಟಿಕೊಡಿ ಅಂತ ಒಂದು ಬರತ್ತಲ್ಲ, ಅದು ನನ್ನ ಮುಖ. ಈರುಳ್ಳಿ ಹೆಚ್ಚುವಾಗ ತೆಗೆದಿದ್ದು. ರಕ್ತ ಕೊಡೋಕೆ ಬಂದೋರು ಸೂಜಿ ಚುಚ್ಚಿಸ್ಕೊಳ್ತಾ, ಪಾಪ ಈಗ ಎಲ್ಲಿದೀರಮ್ಮ, ತವರುಮನೇಲಾ ಅಂತ ಕೇಳ್ತಾರೆ."

ಟೈಲರಮ್ಮ ಅವಳನ್ನೇ ನೋಡಿದಳು. "ನೀನು ಯಾಕೆ ಬಾಯಿಬಿಡ್ಲಿಲ್ಲ?"

"ನಿಮ್ಮ ಮಗ ಅಲ್ವಾ. ನೀವು ಅವರ ಕಡೆ ಅಂದ್ಕೊಂಡಿದ್ದೆ."

ಅತ್ತೆ ಸೊಸೆ ಒಂದಾದರೆ ಮನೆಯ ಗಂಡಸಿಗೆ ಏನಾಗುತ್ತದೆಂಬುದನ್ನು ಆ ಮನೆ ಅಲ್ಲಿಯತನಕ ಕಂಡಿರಲಿಲ್ಲ. ಇಬ್ಬರೂ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಕೂತರು. ಗಂಡ ಒಮ್ಮೆ ಇಣುಕಿ ನೋಡಿ, ಚಹಾ ಕೇಳಲು ಬಂದವರು ಕೇಳದೆ ವಾಪಸಾದರು.

ಟೈಲರಮ್ಮನ ಬುದ್ಧಿ ತನ್ನ ಕಸುಬಿನ ಕಡೆಗೇ ಓಡಿತು. ಚಿಟ್ಟೆಯ ಅಲಂಕಾರದ ಡಬ್ಬಿಯಲ್ಲಿ ನೀರಿನ ಹಾಗಿರುವ ಉಗುರುಬಣ್ಣದ ಶೀಶೆಯಿತ್ತು. ಒಂದು ಸೂಜಿ ತೆಗೆದು, ಅದರ ಕಣ್ಣಿಗೆ ಒಂದೇ ಹನಿ ಮುಟ್ಟಿಸಿ ಒಣಗಲು ಬಿಟ್ಟಳು. ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಕಣ್ಣು ತೆರೆದೇ ಇದ್ದಂತೆ ಕಾಣುತ್ತಿತ್ತು. ದಾರ ಮಾತ್ರ ಹೋಗುವಂತಿರಲಿಲ್ಲ. ಎಲ್ಲಿ ಮುಟ್ಟಿದರೂ ತಪ್ಪಾಗುವ ಆಟ ಕಟ್ಟಲು ಬರುವುದು ಅವನಿಗೊಬ್ಬನಿಗೇ ಅಲ್ಲ.

ರಜೆಯ ದಿನ ಬೆಳಿಗ್ಗೆ, ಸೊಸೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಳು. ಟೈಲರಮ್ಮ ಮಗನ ಮುಂದೆ ಚಹಾ ಇಟ್ಟಳು. ಎಷ್ಟೋ ದಿನದ ಮೇಲೆ ತಾಯಿಯ ಕೈಯ ಚಹಾ ಬಂದದ್ದು ಕಂಡು ಅವನ ಮುಖ ಅರಳಿತು.

"ಸಿಟ್ಟು ಇಳೀತಾ?"

"ನನಗೆ ಕಣ್ಣು ಕಾಣಲ್ಲ ಅಂತ ಊರೇ ಹೇಳ್ತಿದೆ. ಇದಕ್ಕೊಂದು ದಾರ ಹಾಕಿಕೊಡು."

"ಅಷ್ಟೇ ತಾನೆ, ಕೊಡು."

ಆಮೇಲೆ ನಡೆದದ್ದನ್ನು ನೋಡಿ ಟೈಲರಮ್ಮ ಸೆರಗಿನ ಹಿಂದೆ ತುಟಿ ಕಚ್ಚಿಕೊಂಡಳು. ಮಗ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿದ, ಹೊಸೆದ, ತಿರುಗಿಸಿದ. ನಾಲಿಗೆ ಹೊರಗೆ ಬಂತು. ಒಂದು ಕಣ್ಣು ಮುಚ್ಚಿದ, ಇನ್ನೊಂದು ಮುಚ್ಚಿದ, ಎರಡನ್ನೂ ತೆರೆದು ಮೆಳ್ಳಗಣ್ಣು ಮಾಡಿದ. ಕಿಟಕಿಯ ಹತ್ತಿರ ಹೋದ, ಬಂದ. ಬೆರಳಿಗೆ ಚುಚ್ಚಿಕೊಂಡು ಕುಣಿದ. "ಯಾವನು ಕಂಡುಹಿಡಿದ ಈ ದರಿದ್ರ ವಸ್ತುನ" ಎಂದು ಸೂಜಿಯನ್ನು ಬೈದ, ಚಹಾ ಚೆಲ್ಲಿದ. ಕೊನೆಗೆ ಮಂಡಿಯೂರಿ, ಮೇಜಿನ ಅಂಚಿಗೆ ಗಲ್ಲವಿಟ್ಟು, ಉಸಿರು ಬಿಗಿಹಿಡಿದು ಇನ್ನೊಮ್ಮೆ ಪ್ರಯತ್ನಿಸಿ, ಸೂಜಿಯನ್ನು ಮೇಜಿನ ಮೇಲೆ ಎಸೆದು ಎದ್ದುಹೋದ.

ಸೊಸೆ ಫೋನಿನಲ್ಲಿ ಸೆರೆಯಾದ ಆ ವಿಡಿಯೋಗೆ ತನ್ನ ದನಿ ಸೇರಿಸಿದಳು: "ಇಷ್ಟು ದೊಡ್ಡ ಗಂಡಸಿಗೆ ಒಂದು ಸೂಜಿಗೆ ದಾರ ಹಾಕಲಿಕ್ಕೆ ಬರಲಿಲ್ಲ. ನಿಮಗೆ ಬರುತ್ತಾ?" ಕೊನೆಗೆ ಆಟದ ಹೆಸರು ಅಂಟಿಸಿದಳು. ತನ್ನ ಗಂಡ ದಿನಾ ಮೇಜಿನ ಮುಂದೆ ಕೂತು ಮಾಡುವುದನ್ನು ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿತ್ತು. ವಾರದ ವಿಡಿಯೋಗಳನ್ನು ಹಾಕಬೇಕಾದ ಬೆಳಿಗ್ಗೆ, ಅವನು ಲ್ಯಾಪ್‌ಟಾಪ್ ತೆರೆದಿಟ್ಟು ಸ್ನಾನಕ್ಕೆ ಹೋದಾಗ, ಅವನ ಹೆಸರಿನಲ್ಲೇ, ಅವನ ಉಳಿದ ವಿಡಿಯೋಗಳ ಜೊತೆಗೇ ಅದನ್ನೂ ಹಾಕಿದಳು.

"ಹೋಯ್ತಾ?" ಎಂದಳು ಟೈಲರಮ್ಮ.

"ಹೋಯ್ತು ಅತ್ತೆ. ಇನ್ನು ಜನ ಉಂಟು, ಮಷೀನ್ ಉಂಟು."

ಮಷೀನು ಯಾರ ಮುಲಾಜೂ ನೋಡುವುದಿಲ್ಲ. ಒಂದು ವಾರ ಸದ್ದಿಲ್ಲ. ಆಮೇಲೆ ಒಂದು ದಿನ ಸೋಫಾದ ಮೂಲೆಯಿಂದ ಗಂಡ, "ನೋಡೇ, ಈಗ ಇವನು ಬಂದಿದಾನೆ" ಎಂದರು. ಇನ್ನೊಂದು ವಾರಕ್ಕೆ ಟೈಲರಮ್ಮನ ಕತ್ತೆಕಿವಿ ಹಿಂದೆ ಬಿದ್ದು ಮಗನ ಮೆಳ್ಳಗಣ್ಣು ಮುಂದೆ ಬಂತು. ಕ್ಷೌರದಂಗಡಿಯವನು ಅವನ ಕುತ್ತಿಗೆಗೆ ಬಟ್ಟೆ ಸುತ್ತುತ್ತ, "ಸೂಜಿ ಸಾಹೇಬ್ರು" ಎಂದು ಪಕ್ಕದವನಿಗೆ ಪರಿಚಯ ಮಾಡಿಕೊಟ್ಟನಂತೆ. ಅರ್ಧ ಕತ್ತರಿಸಿದ ತಲೆಯಲ್ಲೇ ಅವನು ಮನೆಗೆ ಬಂದ.

"ಯಾರು ಮಾಡಿದ್ದು ಇದನ್ನ?"

"ನಿನ್ನ ಹೆಸರೇ ಇದೆಯಂತಲ್ಲ" ಎಂದಳು ತಾಯಿ.

"ನೀವಿಬ್ಬರೂ ಸೇರಿ ನನ್ನ ಮಾನ ಹರಾಜು ಹಾಕಿದೀರಿ."

"ಜನ ನಕ್ಕರೆ ನಿನ್ನ ಗಂಟೇನು ಹೋಗತ್ತೆ? ಎರಡು ದಿನ ನಕ್ಕು ಮರೀತಾರೆ."

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು, ತಲೆಯೆತ್ತಲಿಲ್ಲ. "ತೆಗೆಸಿ ಬೇಕಾದ್ರೆ" ಎಂದಳು.

ತೆಗೆಸಲು ಹೋದ. ಕಂಪನಿಯ ಯಜಮಾನ ಬಿದ್ದು ಬಿದ್ದು ನಕ್ಕು, ಬೆನ್ನು ತಟ್ಟಿ, "ಇಂಥ ಮುಖ ಮನೇಲೇ ಇಟ್ಕೊಂಡು ಇಷ್ಟು ದಿನ ಬೇರೆಯೋರನ್ನ ಹುಡುಕ್ತಿದ್ಯಲ್ಲಯ್ಯ" ಎಂದನಂತೆ. ಜಾಹೀರಾತು ಕಟ್ಟುವ ಕುರ್ಚಿಗೆ ಬೇರೆ ಯಾರನ್ನೋ ಕೂರಿಸಿ, ಮಗನನ್ನು ಕ್ಯಾಮೆರಾ ಮುಂದಕ್ಕೆ ತಳ್ಳಿದರು. ಅಲ್ಲಿಂದ ಮುಂದೆ ಸೋಲುವುದೇ ಅವನ ಕೆಲಸವಾಯಿತು. ಮೊಳೆ ಹೊಡೆಯಲು ಹೋಗಿ ಬೆರಳಿಗೆ ಹೊಡೆದುಕೊಂಡ, ಬಾಟಲಿಯ ಮುಚ್ಚಳ ತೆಗೆಯಲಾರದೆ ಅತ್ತ, ಶೂ ದಾರ ಕಟ್ಟಲು ಹೋಗಿ ಮುಗ್ಗರಿಸಿದ. ಸಂಜೆ ಅಂಗಿಯ ಕಾಲರಿಗೆ ಪೌಡರ್ ಮೆತ್ತಿಕೊಂಡು ಬಂದು, ತಟ್ಟೆ ಹಾಕಿದರೆ ಉಂಡು, ಹಾಕದಿದ್ದರೆ ಹಾಗೇ ಮಲಗುತ್ತಿದ್ದ. ಶಾಲೆಯ ಹತ್ತಿರ ಚಿಟ್ಟೆ ಅವನ ಕೈ ಬಿಡಿಸಿಕೊಂಡು ಮುಂದೆ ಓಡತೊಡಗಿದಳು. ಸೊಸೆ ಮೊದಮೊದಲು ನಕ್ಕಳು, ಆಮೇಲೆ ನಗುವುದು ಬಿಟ್ಟಳು.

"ಸಾಕಲ್ವಾ ಅತ್ತೆ?" ಎಂದಳು ಒಂದು ದಿನ.

"ನಿನಗೆ ಸಾಕಾದ್ರೆ ನೀನು ಬಿಡು. ಯೂನಿಫಾರ್ಮ್ ಕೆಲಸ ಇನ್ನೂ ನನ್ನ ಕೈಗೆ ಬಂದಿಲ್ಲ."

ಟೈಲರಮ್ಮನಿಗೆ ಹೊಟ್ಟೆ ತಣ್ಣಗಾಗಿತ್ತು, ಅದನ್ನು ಅವಳು ಮುಚ್ಚಿಡಲಿಲ್ಲ. ಮಗ ಬಗ್ಗಿದ ತಲೆಯಲ್ಲಿ ಉಣ್ಣುವುದನ್ನು ನೋಡುತ್ತ ಅವಳು ಎರಡು ತುತ್ತು ಹೆಚ್ಚೇ ಉಂಡಳು. ಅವನು ಈಚೆಗೆ ಮೇಜಿನ ಮೇಲೆ ಕೈ ಇಡುತ್ತಿರಲಿಲ್ಲ, ತೊಡೆಯ ಮೇಲೆ ಮುಚ್ಚಿಟ್ಟುಕೊಳ್ಳುತ್ತಿದ್ದ. ಸೂಜಿಯ ಕಣ್ಣಿನ ಗುಟ್ಟನ್ನು ಅವನಿಗೆ ಯಾರೂ ಹೇಳಿರಲಿಲ್ಲ. ತನ್ನ ಕೈಗೇ ಏನೋ ಆಗಿದೆ ಎಂದು ಅವನು ನಂಬಿದ್ದ. ನಂಬಲಿ ಎಂದು ಅವಳೂ ಬಿಟ್ಟಿದ್ದಳು.

ಹೀಗಿರುವಾಗ ಅವನಾಗಿಯೇ ಮಾತಿಗೆ ಬಂದ. ಟೈಲರಮ್ಮ ಬಟ್ಟೆ ಒಣಹಾಕುತ್ತಿದ್ದಳು.

"ಅಮ್ಮ, ನಮ್ಮ ಯಜಮಾನರಿಗೆ ಗೊತ್ತಾಗಿಬಿಟ್ಟಿದೆ, ನೀನು ನನ್ನ ತಾಯಿ ಅಂತ. ಇಬ್ಬರನ್ನೂ ಒಂದೇ ವಿಡಿಯೋದಲ್ಲಿ ಹಾಕ್ಬೇಕಂತೆ. ಕರ್ಕೊಂಡು ಬರದಿದ್ರೆ ನೀನೂ ಬರಬೇಡ ಅಂದಿದಾರೆ."

"ಬರಬೇಡ ಅಂದ್ರೆ ಬಿಡು."

"ಮನೆ ಹೇಗೆ ನಡೆಯತ್ತೆ? ಅವಳ ಸಂಬಳ ಒಂದರಲ್ಲೇ ಆಗತ್ತಾ? ನಿನ್ನ ಅಂಗಡೀನೂ ಹೀಗಾಗಿದೆ."

"ಹೀಗೆ ಮಾಡಿದ್ದು ಯಾರು?"

ಅವನು ಒದ್ದೆ ಬಟ್ಟೆಯ ಒಂದು ತುದಿ ಹಿಡಿದುಕೊಂಡ, ಅವಳು ಕಿತ್ತುಕೊಳ್ಳಲಿಲ್ಲ. ಇಬ್ಬರೂ ಸೇರಿ ಹಿಂಡಿದರು.

"ದೊಡ್ಡ ಸಿಸ್ಟರ್ ಗುರುವಾರ ಬರ್ತಾರೆ, ಹೂಂ ಅಥವಾ ಉಹೂಂ ಹೇಳೋಕೆ. ನೀನು ಅಂಗಡೀಲಿ ಇದ್ದು, ನಾನು ಅವತ್ತೇ ಕೇಳಿದ್ದನ್ನ ಅವರ ಮುಂದೆ ಹೇಳು. ಹೇಳಿದ್ರೆ ನಿನ್ನ ಜೊತೆ ಬರ್ತೀನಿ. ಮಾತು ಅಂದ್ರೆ ಮಾತು."

"ಹೇಳ್ತೀನಿ" ಎಂದ. ಕೆಲಸ ಹೋಗುತ್ತದೆಂಬ ಹಳೆಯ ಮಾತು ಎತ್ತಲಿಲ್ಲ. ಉಳಿದದ್ದಾದರೂ ಏನಿತ್ತು.

ಗುರುವಾರ ಟೈಲರಮ್ಮ ಅಂಗಡಿ ಗುಡಿಸಿ, ಮೇಜು ಒರೆಸಿ, ನೀಲಿ ದಾರಗಳನ್ನು ಗಾಢದಿಂದ ತಿಳಿಗೆ ಸಾಲಾಗಿ ಜೋಡಿಸಿಟ್ಟಳು. ಗಿರಾಕಿಗಳ ಬೆಂಚಿನ ಮೇಲೆ ಮಗ ಕೂತ. ಪಕ್ಕದಲ್ಲಿ ಜಿಪ್ಪು ಹಾಕಿಸಿಕೊಳ್ಳಲು ಬಂದ ಬೇಕರಿಯವನ ಹೆಂಡತಿ. ದೊಡ್ಡ ಸಿಸ್ಟರ್ ಒಬ್ಬ ಎಳೆಯ ನರ್ಸನ್ನು ಜೊತೆಗೆ ಕರೆದುಕೊಂಡು ಬಂದರು.

ಮಗ ಎದ್ದು ನಿಂತ. "ಸಿಸ್ಟರ್, ನಾನು ಇವರ ಮಗ. ಆ ಜಾಹೀರಾತು ಮಾಡಿದೋನು ನಾನೇ. ಅದು ಆಟವೇ ಅಲ್ಲ. ಎಲ್ಲಿ ಮುಟ್ಟಿದ್ರೂ ತಪ್ಪು ಬರೋ ಹಾಗೆ ಮಾಡಿದ್ದೆ. ನಮ್ಮಮ್ಮ ಸರಿಯಾಗೇ ಮುಟ್ಟಿದ್ರು. ಅವರಿಗೆ ಬಣ್ಣ ನನಗಿಂತ, ನಿಮಗಿಂತ ಚೆನ್ನಾಗಿ ಕಾಣತ್ತೆ."

ಚೆನ್ನಾಗಿ ಹೇಳಿದ. ಬಾಯಿಪಾಠ ಮಾಡಿಕೊಂಡು ಬಂದಿದ್ದನೋ ಏನೋ, ಎಲ್ಲೂ ತಡವರಿಸಲಿಲ್ಲ. ಇಷ್ಟು ವಾರ ಅವಳು ಕೇಳಿದ್ದು ಇಷ್ಟನ್ನೇ.

ದೊಡ್ಡ ಸಿಸ್ಟರ್ ಅವನ ಮುಖವನ್ನು ದಿಟ್ಟಿಸಿದರು. "ನಿಮ್ಮನ್ನ ಎಲ್ಲೋ ನೋಡಿದೀನಲ್ಲ."

ಎಳೆಯ ನರ್ಸು ತಡೆಯಲಾರದೆ ಕಿಸಕ್ಕೆಂದಳು. "ಸಿಸ್ಟರ್, ಸೂಜಿ ಸಾಹೇಬ್ರು."

ಬೇಕರಿಯವನ ಹೆಂಡತಿ ತಿರುಗಿ ನೋಡಿ, "ಹೌದಲ್ಲ, ಪಕ್ಕದಲ್ಲೇ ಕೂತಿದ್ರೂ ನನಗೆ ಗೊತ್ತಾಗ್ಲಿಲ್ಲ ನೋಡಿ" ಎಂದಳು. ಮೂವರೂ ನಕ್ಕರು. ಕೆಟ್ಟ ನಗುವಲ್ಲ, ಪರಿಚಯದವರನ್ನು ಕಂಡಾಗ ಬರುವ ನಗು. ದೊಡ್ಡ ಸಿಸ್ಟರ್ ಕಣ್ಣೊರೆಸಿಕೊಂಡರು.

"ತಾಯೀದು ನೀವು ಮಾಡಿದ್ದು ಅಂದ್ರಿ. ಹಾಗಾದ್ರೆ ನಿಮ್ಮದನ್ನ ಯಾರು ಮಾಡಿದ್ರು? ಅದೂ ಸುಳ್ಳೇನಾ?"

ಅದು ಸುಳ್ಳೆಂದು ಅವನಿಗೆ ತಿಳಿದಿರಲಿಲ್ಲ.

ಸಿಸ್ಟರ್ ಮೇಜಿನ ಮೇಲಿನ ಮೆತ್ತೆಯಿಂದ ಒಂದು ಸೂಜಿ ಕಿತ್ತು, ದಾರದ ಸಮೇತ ಅವನ ಕೈಗಿಟ್ಟರು. "ಹಾಕಿ ನೋಡೋಣ. ನೀವು ಹಾಕಿದ್ರೆ ನಿಮ್ಮ ಮಾತು ನಂಬ್ತೀನಿ."

ಕಣ್ಣು ತೆರೆದಿದ್ದ ಒಳ್ಳೆಯ ಸೂಜಿ ಅದು. ಅವನು ದಾರ ಹಿಡಿದ. ಮೂರು ಜೊತೆ ಕಣ್ಣು ಅವನ ಬೆರಳಿನ ಮೇಲೆ. ಎಳೆಯ ನರ್ಸು ಆಗಲೇ ಫೋನು ಎತ್ತಿದ್ದಳು. ದಾರದ ತುದಿ ಸೂಜಿಯ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಅಭ್ಯಾಸಬಲದಿಂದ ನಾಲಿಗೆ ಹೊರಗೆ ಬಂತು. ಮತ್ತೆ ನಕ್ಕರು.

"ಕೊಡು ಇಲ್ಲಿ" ಎಂದು ಟೈಲರಮ್ಮ ಎದ್ದಳು. "ಸಿಸ್ಟರ್, ಅವನಿಗೆ ಬರತ್ತೆ. ಆವತ್ತು ಸೂಜಿ ಕಣ್ಣನ್ನ ಉಗುರುಬಣ್ಣ ಹಾಕಿ ಮುಚ್ಚಿದ್ದು ನಾನು. ಸೇಡಿಗೆ ಮಾಡಿದ್ದು. ಅವನು ಹೇಳಿದ್ದು ನಿಜ, ನಾನು ಹೇಳ್ತಿರೋದೂ ನಿಜ."

ಮಗ ತಾಯಿಯ ಕಡೆ ತಿರುಗಿದ. ಸೂಜಿ ಇನ್ನೂ ಅವನ ಕೈಯಲ್ಲೇ ಇತ್ತು.

ದೊಡ್ಡ ಸಿಸ್ಟರ್ ನಗು ನಿಲ್ಲಿಸಿದರು. ಅವರ ಮುಖದಲ್ಲಿ ಈಗ ಕನಿಕರವಿತ್ತು, ಸಾಲದ್ದಕ್ಕೆ ಮೆಚ್ಚುಗೆಯೂ ಇತ್ತು. "ಬಿಡಿ ಟೈಲರಮ್ಮ, ಕಣ್ಣಾರೆ ನೋಡಿದೆನಲ್ಲ. ಅಮ್ಮನ್ನ ಉಳಿಸೋಕೆ ಮಗ ತಪ್ಪು ತನ್ನ ಮೇಲೆ ಹಾಕ್ಕೊಂಡ. ಮಗನ್ನ ಉಳಿಸೋಕೆ ನೀವು ಹಾಕ್ಕೊಂಡ್ರಿ. ನಮ್ಮ ಮನೇಲಿ ಇಂಥ ಪ್ರೀತಿ ಇಲ್ಲ ನೋಡಿ. ಕಣ್ಣಿನ ದೋಷ ಮನೆತನದಲ್ಲಿ ಬರೋದು, ಅದಕ್ಕೆ ನಾಚಿಕೆ ಪಟ್ಕೋಬಾರದು." ಮೇಜಿನ ಮೇಲಿದ್ದ ಬಟ್ಟೆಯ ಮಾದರಿಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. "ಸಣ್ಣಪುಟ್ಟ ಕೆಲಸ ಇದ್ರೆ ಖಂಡಿತ ಕಳಿಸ್ತೀನಿ."

ಅವರು ಹೋದರು. ಬೇಕರಿಯವನ ಹೆಂಡತಿಯೂ ಆಮೇಲೆ ಬರುವೆನೆಂದು ಹೇಳಿ ತನ್ನ ಲಂಗ ತೆಗೆದುಕೊಂಡು ಹೋದಳು. ರಸ್ತೆಯಾಚೆಯಿಂದ ಎಳೆಯ ನರ್ಸಿನ ನಗು ಇನ್ನೊಂದಿಷ್ಟು ಹೊತ್ತು ಕೇಳಿಸಿತು.

ಮಗ ಬೆಂಚಿನ ಮೇಲೆ ಕುಸಿದು ಕೂತ. "ಕಣ್ಣು ಮುಚ್ಚಿತ್ತಾ?"

"ಮುಚ್ಚಿತ್ತು."

"ನಾನು ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ ಅಮ್ಮ. ಕಣ್ಣು ಸರಿಯಾಗಿದೆ ಅಂದ್ರು. ಆಮೇಲೆ ನರದ ಡಾಕ್ಟರ ಹತ್ರ ಹೋಗಿದ್ದೆ."

"ನಾನೂ ಹೋಗಿದ್ದೆ, ಕಣ್ಣಿನವರ ಹತ್ರ" ಎಂದಳು ಟೈಲರಮ್ಮ. ಇದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. "ನೀನು ಅದು ಸುಳ್ಳಾಟ ಅಂತ ಹೇಳಿದ ಮೇಲೂ ಹೋಗಿದ್ದೆ. ಅಷ್ಟು ಜನ ನಕ್ಕರೆ ನಮ್ಮ ಕಣ್ಣಿನ ಮೇಲೆ ನಮಗೇ ಅನುಮಾನ ಬರತ್ತೆ."

ಅವನು ಮುಖ ಮುಚ್ಚಿಕೊಂಡ. ಅವಳಿಗೆ ಅವನ ತಲೆ ಸವರಬೇಕೆನಿಸಲಿಲ್ಲ. ಎರಡು ಬಾರಿಸಬೇಕೆಂದೂ ಅನಿಸಲಿಲ್ಲ. ಸೇಡು ತೀರಿತ್ತು, ಯೂನಿಫಾರ್ಮಿನ ಕೆಲಸ ಹೋಗಿತ್ತು, ಮಗನ ಜೊತೆ ವಿಡಿಯೋಗೆ ಬರುವ ಮಾತು ಕೊಟ್ಟಾಗಿತ್ತು. ಜೋಡಿಸಿಟ್ಟಿದ್ದ ನೀಲಿ ದಾರಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದಳು.

"ನಾಳೆ ಯಾರು ಸೋಲ್ಬೇಕಂತೆ?" ಎಂದು ಕೇಳಿದಳು.

"ಇಬ್ಬರೂ" ಎಂದ ಮಗ.